ಸ್ಪಷ್ಟನೆ: ಹೆಂಗಸರ ಫುಟ್‌ಬಾಲ್‌ಗೆ ಪ್ರೇಕ್ಷಕರ ಕೊರತೆ ಇರಲಿಲ್ಲ

“1921ರಲ್ಲಿ ಬ್ರಿಟಿಷ್ ಸರ್ಕಾರ ಕಾನೂನು ತಂದು ಹೆಂಗಸರ ಫುಟ್‌ಬಾಲ್ ನಿಲ್ಲಿಸಿತು, ನೋಡಲು ಜನರೇ ಬರುತ್ತಿರಲಿಲ್ಲ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ಎರಡೂ ಮಾತು ತಪ್ಪು.

ಅಂಥ ಕಾನೂನು ಬಂದೇ ಇರಲಿಲ್ಲ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿರ್ಣಯ ಮಾಡಿತು. ಸದಸ್ಯ ಕ್ಲಬ್‌ಗಳು ಹೆಂಗಸರ ಪಂದ್ಯಕ್ಕೆ ಮೈದಾನ ಕೊಡಬಾರದು ಎಂದಿತು. ಈ ಆಟ ಹೆಂಗಸರಿಗೆ ಹೊಂದುವುದಿಲ್ಲ ಎಂದು ಆ ನಿರ್ಣಯದಲ್ಲೇ ಬರೆದಿದೆ.

ಜನರ ವಿಷಯಕ್ಕೆ ಬಂದರೆ, ಮೊದಲ ಮಹಾಯುದ್ಧಕ್ಕೆ ಗಂಡಸರು ಹೋದಾಗ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಬಿಡುವಿನಲ್ಲಿ ಚೆಂಡು ಒದೆಯುತ್ತಲೇ ತಂಡಗಳು ಹುಟ್ಟಿದವು. ಪ್ರೆಸ್ಟನ್‌ನ ಡಿಕ್, ಕೆರ್ ಕಾರ್ಖಾನೆಯ ತಂಡ 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಆಡಿದಾಗ ಸುಮಾರು 53,000 ಜನ ಸೇರಿದ್ದರು. ಸಾವಿರಾರು ಮಂದಿ ಗೇಟಿನ ಹೊರಗೇ ಉಳಿದರು. ಹೀಗಿರುವಾಗ ಯಾರೂ ಬರುತ್ತಿರಲಿಲ್ಲ ಎನ್ನುವುದು ಆ ಆಟಗಾರ್ತಿಯರಿಗೆ ಅನ್ಯಾಯ ಅಲ್ವಾ?

ನಿರ್ಬಂಧ ತೆಗೆಯಲು ಸುಮಾರು 50 ವರ್ಷ ಹಿಡಿಯಿತು. ಆದರೂ ಅವರು ಬೇರೆ ಬಯಲುಗಳಲ್ಲಿ ಆಡುತ್ತಲೇ ಇದ್ದರು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.