ಕಾಂಟ್ಯಾಕ್ಟ್ಸ್‌ಗೆ ‘ಅಲೋ’ ಒತ್ತುವ ಮುಂಚೆ

ಆ್ಯಪ್ ಪರ್ಮಿಷನ್ ಬಗ್ಗೆ ಮಾತೆತ್ತಿದರೆ ಸಾಕು, "ನಮ್ಮ ಫೋನಲ್ಲಿ ಏನಿದೆ ಮಹಾ, ನೋಡಿಕೊಳ್ಳಲಿ ಬಿಡಿ" ಅನ್ನುವವರೇ ಜಾಸ್ತಿ. ಲೊಕೇಶನ್ ವಿಷಯದಲ್ಲಿ ಈ ಮಾತನ್ನು ಹೇಗೋ ಒಪ್ಪಬಹುದು. ನೀವು ಎಲ್ಲಿದ್ದೀರಿ ಅನ್ನೋದು ನಿಮ್ಮ ವಿಷಯ, ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು. ಕಾಂಟ್ಯಾಕ್ಟ್ಸ್ ವಿಷಯದಲ್ಲಿ ಮಾತ್ರ ನಾನು ಖಂಡಿತ ಒಪ್ಪಲ್ಲ. ಅಲ್ಲಿರುವ ನಂಬರ್‌ಗಳೆಲ್ಲ ಬೇರೆಯವರದ್ದು. ಅವರು ನಂಬಿ ಕೊಟ್ಟಿದ್ದು ನಿಮಗೆ, ಯಾವುದೋ ಕಂಪನಿಗಲ್ಲ.

ಬರೀ ನಂಬರ್ ಆಗಿದ್ದರೂ ಒಂದು ಮಾತಿತ್ತು. ನಾವು ಹೆಸರು ಸೇವ್ ಮಾಡುವ ರೀತಿ ನೋಡಿ. ಮೊನ್ನೆ ನಮ್ಮ ಅತ್ತೆಯ ಫೋನ್ ಹಿಡಿದು ಕೂತಿದ್ದೆ (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ). "ಶುಗರ್ ಡಾಕ್ಟರ್", "ಚೀಟಿ ಆಂಟಿ", "ಸೈಟ್ ಕೇಸ್ ಲಾಯರ್", "ಪಾಪು ಸ್ಕೂಲ್ ವ್ಯಾನ್". ಮನೆಯಲ್ಲಿ ಯಾರಿಗೆ ಏನು ಕಾಯಿಲೆ, ದುಡ್ಡು ಎಲ್ಲಿದೆ, ಯಾವ ವ್ಯಾಜ್ಯ ನಡೀತಿದೆ, ಮಗು ಯಾರ ಜೊತೆ ಹೋಗಿ ಬರುತ್ತೆ, ಎಲ್ಲಾ ಆ ಪಟ್ಟಿಯಲ್ಲೇ ಇದೆ. ಅದನ್ನು ಓದುವ ಪರ್ಮಿಷನ್ ಯಾರಿಗೆಲ್ಲ ಸಿಕ್ಕಿದೆ ಅಂತ ನೋಡಿದರೆ ಒಂದು ಟಾರ್ಚ್ ಆ್ಯಪ್, ಒಂದು ಫೋಟೋ ಎಡಿಟರ್, ಯಾರೋ ಹಾಕಿಕೊಟ್ಟ ಕೇರಂ ಗೇಮ್. ಟಾರ್ಚ್‌ಗೆ ಶುಗರ್ ಡಾಕ್ಟರ್ ನಂಬರ್ ಯಾಕೆ ಬೇಕು?

ಈ ಒಂದು ಅಲೋ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದನ್ನು ಸಾಲದ ಆ್ಯಪ್‌ಗಳು ತೋರಿಸಿಕೊಟ್ಟವು. ಕೊರೊನಾ ಕಾಲದಲ್ಲಿ ಕೆಲಸ ಹೋದವರು, ಕೈ ಖಾಲಿಯಾದವರು ಐದು ಸಾವಿರ, ಹತ್ತು ಸಾವಿರಕ್ಕೆ ಅವುಗಳ ಮೊರೆ ಹೋದರು. ದುಡ್ಡು ಬರುವ ಮೊದಲೇ ಕಾಂಟ್ಯಾಕ್ಟ್ಸ್, ಗ್ಯಾಲರಿ ಎರಡೂ ಅವರ ಕೈಗೆ. ಕಂತು ತಪ್ಪಿತೋ, ಭಾವನಿಗೆ, ಆಫೀಸಿನ ಬಾಸ್‌ಗೆ, ಪಕ್ಕದ ಮನೆಯವರಿಗೆಲ್ಲ ಫೋನ್. ಫೋಟೋ ತಿದ್ದಿ ಅಶ್ಲೀಲ ಮಾಡಿ ವಾಟ್ಸಾಪ್‌ನಲ್ಲಿ ಹಂಚಿದರು. ಆ ಅವಮಾನ ತಾಳಲಾರದೆ ಜೀವ ಕಳೆದುಕೊಂಡವರಿದ್ದಾರೆ. ನನಗೂ ಅಂಥದ್ದೊಂದು ಕರೆ ಬಂದಿತ್ತು. ಪರಿಚಯದವರೊಬ್ಬರ ಹೆಸರು ಹೇಳಿ ಬಾಯಿಗೆ ಬಂದ ಹಾಗೆ ಬೈದ. ಆ ಸಾಲಕ್ಕೂ ನನಗೂ ಸಂಬಂಧವೇ ಇಲ್ಲ. ಅವರ ಫೋನಲ್ಲಿ ನನ್ನ ನಂಬರ್ ಇತ್ತು, ಅಷ್ಟೇ.

2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ತಂದಿತು: ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲ್‌ಗಳನ್ನು ಮುಟ್ಟುವ ಹಾಗಿಲ್ಲ. 2023ರ ಮೇ 31ರಿಂದ ಗೂಗಲ್ ಕೂಡ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್, ಫೋಟೋ ಬಂದ್ ಮಾಡಿತು. ಆದರೆ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತಲೋ ಟ್ರಾಫಿಕ್ ಫೈನ್ ಅಂತಲೋ ಬರುವ, ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಬಿಡುವ ಎಪಿಕೆ ಫೈಲ್‌ಗೆ ಯಾವ ನಿಯಮದ ಹಂಗೂ ಇಲ್ಲ. ಅದು ಕೇಳೋದು ಎಸ್‌ಎಂಎಸ್ ಪರ್ಮಿಷನ್. ಕೊಟ್ಟರೆ ಬ್ಯಾಂಕಿನ ಒಟಿಪಿ ನೀವು ನೋಡುವ ಮೊದಲೇ ವಂಚಕರ ಕೈಲಿರುತ್ತೆ. ಹಾಗೇನಾದರೂ ದುಡ್ಡು ಹೋದರೆ ತಡ ಮಾಡಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾನೂನಿನ ಬಲವೂ ನಮಗಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಕೇಸಿನಲ್ಲೇ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ, ನನಗೆ ಬಹಳ ಇಷ್ಟ. ಫೋನಿನಲ್ಲೇ ಡಾಕ್ಟರ್ ಸಲಹೆ ಕೊಡಿಸುವ ಆ್ಯಪ್ ಒಂದು ಕಾಂಟ್ಯಾಕ್ಟ್ಸ್‌ಗೂ ಒಪ್ಪಿಗೆ ಕೇಳುತ್ತೆ. ಬಳಕೆದಾರಳು ಹೂಂ ಅಂದರೂ ಆ ಒಪ್ಪಿಗೆ ಕಾಂಟ್ಯಾಕ್ಟ್ಸ್‌ಗೆ ಅನ್ವಯಿಸಲ್ಲ. ಯಾಕೆಂದರೆ ಚಿಕಿತ್ಸೆಗೆ ಅದು ಬೇಕಾಗಿಲ್ಲ.

ಇವತ್ತೇ ಒಂದು ಸಲ ನೋಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ "ಪರ್ಮಿಷನ್ ಮ್ಯಾನೇಜರ್" ಅಂತ ಹುಡುಕಿ, ಕಾಂಟ್ಯಾಕ್ಟ್ಸ್ ಒತ್ತಿ. ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ಅನ್ನೋದು ಸಾಲಾಗಿ ಕಾಣುತ್ತೆ. ಫೋನ್ ಮಾಡಲು, ಮೆಸೇಜ್ ಕಳಿಸಲು ಇರುವವನ್ನು ಬಿಟ್ಟು ಉಳಿದದ್ದನ್ನೆಲ್ಲ "ಡೋಂಟ್ ಅಲೋ" ಮಾಡಿ. ಯುಪಿಐ ಆ್ಯಪ್‌ಗೆ ಸಿಮ್ ಖಾತ್ರಿ ಮಾಡಿಕೊಳ್ಳಲು ಎಸ್‌ಎಂಎಸ್ ಬೇಕಾಗುತ್ತೆ, ಅದು ನ್ಯಾಯವೇ. ಕಾಂಟ್ಯಾಕ್ಟ್ಸ್ ಕೊಡದಿದ್ದರೂ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸಬಹುದು. ಐಫೋನಿನಲ್ಲಿ ಐಒಎಸ್ 18ರಿಂದ ಬೇಕಾದ ಕೆಲವೇ ಹೆಸರುಗಳನ್ನು ಆರಿಸಿ ಕೊಡುವ ಅವಕಾಶವೂ ಇದೆ. ಏನೋ ಅಗತ್ಯ ಬಿದ್ದರೆ ಮತ್ತೆ ಕೇಳುತ್ತೆ, ಆಗ ಯೋಚನೆ ಮಾಡಿದರಾಯಿತು.

ಇನ್ನೊಂದು ಮುಖ್ಯ ವಿಷಯ. ಬೇಡದ ಆ್ಯಪ್ ಅಂತ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಬೇಡಿ. ಫೋನಿಂದ ಆ್ಯಪ್ ಹೋದರೂ ಈಗಾಗಲೇ ಅವರ ಸರ್ವರ್ ಸೇರಿರುವ ಪಟ್ಟಿ ಅಲ್ಲೇ ಉಳಿಯಬಹುದು. ಲಾಗಿನ್ ಮಾಡಿಕೊಂಡಿದ್ದರೆ ಮೊದಲು ಅದರ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ಆ್ಯಪ್ ತೆಗೆಯಿರಿ. ಅಮ್ಮ, ಅತ್ತೆ, ಅಜ್ಜ ಯಾರ ಫೋನಿನಲ್ಲಾದರೂ ಇದನ್ನು ಮಾಡುವಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಮುಂದಿನ ಸಲ ‘ಅಲೋ’ ಕೇಳುವ ಬಾಕ್ಸ್ ಬಂದಾಗ ನೀವು ಪಕ್ಕದಲ್ಲಿ ಇರಲ್ಲ ಅಲ್ವಾ.