ಸಿಟ್ಟು ಮಾಡಿದ ಹುಡುಗನನ್ನು ಮನೆಗೆ ಕಳಿಸುವ ಶಾಲೆಗಳು

ಅಮೆರಿಕದ ಕಪ್ಪು ಕುಟುಂಬಗಳ ಮಾನಸಿಕ ಆರೋಗ್ಯದ ಮಾತು ಬಂದರೆ ಸಾಕು, ಒಂದು ರೆಡಿಮೇಡ್ ಉತ್ತರ ಬರುತ್ತದೆ: "ಅವರು ಡಾಕ್ಟರ್ ಹತ್ರ ಹೋಗೋದೇ ಇಲ್ಲ, ನಾಚಿಕೆ." ಇಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ಇದೇ ರಾಗ. ನಾಚಿಕೆ ಇದೆ, ಸುಳ್ಳಲ್ಲ. ಆದರೆ ಪೂರ್ತಿ ತಪ್ಪನ್ನು ಮನೆಯವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಸೋಶಿಯಲ್ ವರ್ಕ್ ಸಂಶೋಧಕ ಮೈಕಲ್ ಲಿಂಡ್ಸೆ ಮತ್ತು ಸಂಗಡಿಗರು 1991ರಿಂದ 2017ರವರೆಗಿನ ಹೈಸ್ಕೂಲ್ ಮಕ್ಕಳ ಸಮೀಕ್ಷೆಗಳನ್ನು ಜಾಲಾಡಿದರು. ಬಿಳಿಯ ಮಕ್ಕಳಲ್ಲಿ ಆತ್ಮಹತ್ಯೆ ಯತ್ನ ಕಡಿಮೆಯಾಗಿತ್ತು. ಕಪ್ಪು ಮಕ್ಕಳಲ್ಲಿ ಶೇ. 73ರಷ್ಟು ಏರಿತ್ತು. ಇದೇ ಲಿಂಡ್ಸೆ ಅದಕ್ಕೂ ಮೊದಲು ಖಿನ್ನತೆಯ ಲಕ್ಷಣವಿದ್ದ ಕಪ್ಪು ಹುಡುಗರನ್ನು ಮಾತಾಡಿಸಿದ್ದರು. ಕಷ್ಟ ಬಂದಾಗ ಅವರು ತಿರುಗುತ್ತಿದ್ದದ್ದು ಮನೆಯವರ ಕಡೆಗೆ, ಗೆಳೆಯರ ಕಡೆಗೆ. ಅಂದರೆ ಬಾಯಿ ಬಿಡುವುದೇ ಇಲ್ಲ ಅಂತಲ್ಲ.

ಹದಿಹರೆಯದಲ್ಲಿ ಖಿನ್ನತೆ ಯಾವಾಗಲೂ ಅಳುವಾಗಿ ಬರುವುದಿಲ್ಲ. ಸಿಡುಕು, ಜಗಳ, ಮೇಷ್ಟ್ರಿಗೆ ಎದುರುತ್ತರ, ಹೀಗೂ ಬರುತ್ತದೆ. ಬಿಳಿಯ ಹುಡುಗ ಹೀಗಾಡಿದರೆ "ಏನೋ ತೊಂದರೆ ಇರಬೇಕು". ಕಪ್ಪು ಹುಡುಗ ಆಡಿದರೆ ಸಸ್ಪೆಂಡ್. ಸುಮ್ನೆ ಹೇಳುತ್ತಿಲ್ಲ: 2013-14ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳು ಶೇ. 15.5 ಇದ್ದರು, ಸಸ್ಪೆಂಡ್ ಆದವರಲ್ಲಿ ಸುಮಾರು ಶೇ. 39. ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ ಕೊಟ್ಟ ಲೆಕ್ಕ ಇದು.

ಇನ್ನು ಡಾಕ್ಟರ್ ಮೇಲಿನ ಅಪನಂಬಿಕೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ವೈದ್ಯ, ಗುಲಾಮರು ತಪ್ಪಿಸಿಕೊಂಡು ಓಡುವುದನ್ನೇ ಒಂದು ಮಾನಸಿಕ ರೋಗ ಅಂದುಬಿಟ್ಟ. (ಓಡದೇ ಇದ್ದರೆ ಆರೋಗ್ಯವಂತ, ಅಲ್ವಾ!) ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯವರು ಕಪ್ಪು ಗಂಡಸರ ಸಿಫಿಲಿಸ್‌ಗೆ ಔಷಧಿ ಕೊಡದೆ ನೋಡುತ್ತಾ ಕೂತರು. ಅಜ್ಜ ಕಂಡದ್ದನ್ನು ಮೊಮ್ಮಗ ಮರೆಯಬೇಕಾ?

ಹಾಗಾಗಿಯೇ ಅರ್ಕಾನ್ಸಾದಲ್ಲಿ ಲೊರೆಂಜೊ ಲೂಯಿಸ್ ಶುರುಮಾಡಿದ 'ಕನ್ಫೆಸ್ ಪ್ರಾಜೆಕ್ಟ್' ನನಗೆ ಇಷ್ಟ. ಕ್ಷೌರದಂಗಡಿಯವರಿಗೇ ತರಬೇತಿ. ಕುರ್ಚಿಯಲ್ಲಿ ಕೂತ ಹುಡುಗನ ಮಾತನ್ನು ಅರ್ಧಕ್ಕೆ ತುಂಡರಿಸದೆ ಕೇಳುವುದು, ಬೇಕಾದಾಗ ಥೆರಪಿಸ್ಟ್ ಕಡೆಗೆ ದಾರಿ ತೋರಿಸುವುದು.

ಆದರೆ ಎಲ್ಲವನ್ನೂ ಚರ್ಚ್, ಅಜ್ಜಿ, ಕ್ಷೌರಿಕರ ಮೇಲೆ ಹಾಕಿ "ಎಷ್ಟು ಗಟ್ಟಿ ಜನ" ಅಂತ ಹೊಗಳುವುದೂ ಒಂದು ಜಾರಿಕೆ. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2019ರಲ್ಲಿ ಕೊಟ್ಟ ವರದಿ ಪ್ರಕಾರ 1.4 ಕೋಟಿ ಮಕ್ಕಳು ಓದುತ್ತಿದ್ದ ಶಾಲೆಗಳಲ್ಲಿ ಪೊಲೀಸರಿದ್ದರು. ಆದರೆ ಅದೇ ಶಾಲೆಗಳಲ್ಲಿ ಕೌನ್ಸೆಲರ್, ನರ್ಸ್, ಮನಶ್ಶಾಸ್ತ್ರಜ್ಞ, ಸೋಶಿಯಲ್ ವರ್ಕರ್ ಇವರಲ್ಲಿ ಕನಿಷ್ಠ ಒಬ್ಬರ ಕೊರತೆ ಇತ್ತು. ಪೊಲೀಸರಿಗೆ ದುಡ್ಡು ಸಿಗುತ್ತದೆ. ಸಸ್ಪೆಂಡ್ ಮಾಡುವ ಮೊದಲು ಹುಡುಗನ ಜೊತೆ ಅರ್ಧ ಗಂಟೆ ಕೂತು ಮಾತಾಡುವ ಒಬ್ಬ ಸೋಶಿಯಲ್ ವರ್ಕರ್‌ಗೂ ಸಿಗಲಿ.