ಸ್ಪಷ್ಟನೆ: ಕೇಸ್ ಪೂರ್ತಿ ಕಾಯಿಸಬೇಡಿ

ರೈಫಲ್ ತೋಟಾ ರೀಲೋಡ್ ಮಾಡುವವರ (ಹೊಡೆದ ತೋಟಾದ ಖಾಲಿ ಹಿತ್ತಾಳೆ ಕವಚವನ್ನು, ಅಂದರೆ ಕೇಸನ್ನು, ಮತ್ತೆ ತುಂಬಿ ಬಳಸುವವರ) ನಡುವೆ ಒಂದು ಮೆಸೇಜ್ ಓಡಾಡುತ್ತಿದೆ: "ಬುಡದ ಹತ್ತಿರ ಬಿರುಕು ಬಿಡುವ ಹಿತ್ತಾಳೆ ಕೇಸನ್ನು ಪೂರ್ತಿ ಕೆಂಪಗೆ ಕಾಯಿಸಿ, ಹೊಸದರಂತಾಗುತ್ತದೆ." ಇದು ತಪ್ಪು, ಅಪಾಯ ಕೂಡ. ಇದರ ಮೂಲ ನಾನೇ ಹಿಂದೆ ಬರೆದ ಒಂದು ಸಾಲು. ಅದರಲ್ಲಿ "ಕುತ್ತಿಗೆ, ಭುಜ ಮಾತ್ರ" ಅನ್ನೋ ಮಾತು ಬಿಟ್ಟುಹೋಗಿತ್ತು. ಕುತ್ತಿಗೆ ಅಂದರೆ ಗುಂಡನ್ನು ಹಿಡಿದಿಡುವ ಕಿರಿದಾದ ಬಾಯಿಯ ಭಾಗ, ಭುಜ ಅಂದರೆ ಅದರ ಕೆಳಗಿನ ಇಳಿಜಾರು.

ಕಾಯಿಸಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ಕುತ್ತಿಗೆಗೆ ಅದು ಒಳ್ಳೆಯದೇ, ಅಲ್ಲಿ ಸೀಳು ಬೀಳುವುದು ಕಡಿಮೆಯಾಗುತ್ತದೆ. ಬುಡ ಮಾತ್ರ ಗಟ್ಟಿಯಾಗೇ ಇರಬೇಕು. ಒತ್ತಡ ತಡೆಯಬೇಕಾದದ್ದು ಅದೇ ಅಲ್ವಾ? ಮೆತ್ತಗಾದ ಬುಡ ಒಡೆದರೆ ಗುಂಡು ಹೊಡೆಯುವವರ ಮುಖದ ಕಡೆಗೇ ಬಿಸಿ ಗ್ಯಾಸ್ ನುಗ್ಗಬಹುದು.

ಬುಡದ ಸ್ವಲ್ಪ ಮೇಲ್ಗಡೆ ಸುತ್ತಲೂ ಬರುವ ಬಿರುಕಿಗೆ ಸಾಮಾನ್ಯ ಕಾರಣ ಬೇರೆ. ಸೈಜಿಂಗ್ ಡೈನಲ್ಲಿ (ಹೊಡೆದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಭುಜವನ್ನು ಜಾಸ್ತಿ ಹಿಂದಕ್ಕೆ ತಳ್ಳಿದರೆ, ಪ್ರತಿ ಸಲ ಹೊಡೆದಾಗಲೂ ಕೇಸ್ ಉದ್ದಕ್ಕೆ ಹಿಗ್ಗಿ ಅಲ್ಲಿ ತೆಳುವಾಗುತ್ತದೆ. ತೆಳುವಾದ ಲೋಹವನ್ನು ಯಾವ ಬೆಂಕಿಯೂ ದಪ್ಪ ಮಾಡೋದಿಲ್ಲ.

ಹಾಗೆ ತೆಳುವಾಗಿದೆಯಾ ಅಂತ ನೋಡಲು, ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಖಾಲಿ ಕೇಸಿನೊಳಗೆ ಇಳಿಸಿ, ಗೋಡೆಗೆ ತಾಗಿಸಿ ಮೇಲಕ್ಕೆ ಎಳೆಯಿರಿ. ಬುಡದ ಸ್ವಲ್ಪ ಮೇಲೆ ತಗ್ಗು ಸಿಕ್ಕಿದರೆ ಎಸೆಯಿರಿ. ಹೊರಗಿನ ಹೊಳೆಯುವ ಗೆರೆ ಒಂದನ್ನೇ ನಂಬಬೇಡಿ, ಡೈ ಉಜ್ಜಿದ ಗುರುತೂ ಹಾಗೇ ಕಾಣುತ್ತದೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಪೂರ್ತಿ ಕಾಯಿಸಿದ ಖಾಲಿ ಕೇಸ್‌ಗಳಿದ್ದರೆ ಜಜ್ಜಿ ಗುಜರಿಗೆ ಹಾಕಿ.